ಸುಂಕದವನ ಮುಂದೆ

ತಿಂಗಳ ಮೊದಲನೆಯ ಭಾನುವಾರ ಬೆಳಗಿನ ಕಾಫಿ ಮುಗಿದ ಮೇಲೆ ಆ ಮನೆಯ ಊಟದ ಮೇಜಿನಿಂದ ಹಣ್ಣಿನ ಬುಟ್ಟಿ ಕಿಟಕಿಯ ಕಡೆಗೆ ಸರಿಯುತ್ತದೆ. ಅದರ ಸ್ಥಳದಲ್ಲಿ ಒಂದು ಕಂಪ್ಯೂಟರು, ಮೂರು ಕಡತಗಳು, ನೀಲಿ ರಟ್ಟಿನ ಒಂದು ಹಳೆಯ ಲೆಕ್ಕದ ಪುಸ್ತಕ ಬಂದು ಕೂರುತ್ತವೆ. ಒಳಗಿನಿಂದ ಗೃಹಿಣಿಯ ಧ್ವನಿ ಕೇಳಿಬರುತ್ತದೆ: "ಸುಂಕದ ಪೂಜೆ ಶುರುವಾಯಿತೇನ್ರೀ? ಹನ್ನೊಂದರೊಳಗೆ ಮಂಗಳಾರತಿ ಎತ್ತಿಬಿಡಿ. ತರಕಾರಿಗೆ ಹೋಗಬೇಕು."

ಮನೆಯಿರುವುದು ಜಪಾನಿನ ಐಚಿ ಪ್ರಾಂತದ ತೊಯೊತಾ ಪಟ್ಟಣದಲ್ಲಿ. ಕೊರೊಮೊ ಎಂಬ ಹೆಸರಿದ್ದ ಈ ಊರು, ತನ್ನ ಮಡಿಲಲ್ಲಿ ಬೆಳೆದ ಮೋಟಾರು ಕಾರ್ಖಾನೆಯ ಹೆಸರನ್ನು 1959ರಲ್ಲಿ ತಾನೇ ಇಟ್ಟುಕೊಂಡಿತು. ತಾಯಿ ಮಗುವಿಗೆ ಹೆಸರಿಡುವುದು ಲೋಕರೂಢಿ. ಇಲ್ಲಿ ಮಗುವೇ ತಾಯಿಗೆ ಹೆಸರಿಟ್ಟಿತು. ಗೃಹಸ್ಥರು ಮೈಸೂರಿನವರು. ವಾಹನಗಳ ಬಿಡಿಭಾಗಗಳನ್ನು ತಯಾರಿಸುವ ಒಂದು ಸಂಸ್ಥೆಯಲ್ಲಿ ಎಂಜಿನಿಯರಾಗಿ 2019ರ ಬೇಸಗೆಯಲ್ಲಿ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಹೋದವರು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಗಾಡಿಯಲ್ಲಿರುವುದು ಮದುವೆಯ ದಿಬ್ಬಣವೋ ಮನೆಯ ಸಂಕಟವೋ, ಸುಂಕದವನಿಗೆ ಬೇಕಾದದ್ದು ಕಾಸು. ಜಪಾನಿನ ಹೆದ್ದಾರಿಯಲ್ಲಿ ಈಗ ಹೇಳಿಕೊಳ್ಳುತ್ತೇನೆಂದರೂ ಕೇಳಲು ಸುಂಕದವನಿಲ್ಲ. ಕಾರಿನೊಳಗೆ ಅಂಗೈಯಗಲದ ಒಂದು ಯಂತ್ರವಿರುತ್ತದೆ. ಅದರ ಬಾಯಿಗೆ ಚಿಪ್ ಇರುವ ಕಾರ್ಡನ್ನು ತೂರಿಸಬೇಕು. ಕಟ್ಟೆಯ ಹತ್ತಿರ ವೇಗವನ್ನು ಗಂಟೆಗೆ 20 ಕಿಲೋಮೀಟರಿಗೆ ಇಳಿಸಿದರೆ, ಕಟ್ಟೆಯೂ ಕಾರೂ ರೇಡಿಯೋ ಅಲೆಗಳ ಮೂಲಕ ತಮ್ಮತಮ್ಮಲ್ಲೇ ಮಾತಾಡಿಕೊಂಡು ಅಡ್ಡಪಟ್ಟಿಯನ್ನು ಎತ್ತುತ್ತವೆ. ಹೊರಬರುವಾಗ ಯಂತ್ರದೊಳಗಿನ ಹೆಂಗಸಿನ ಧ್ವನಿ, ಶುಲ್ಕ ಇಷ್ಟು ಯೆನ್ ಎಂದು ವಿನಯದಿಂದ ತಿಳಿಸುತ್ತದೆ. ಇದಕ್ಕೆ ಇಟಿಸಿ ಎಂದು ಹೆಸರು. 2001ರ ನವೆಂಬರಿನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಈ ಏರ್ಪಾಡನ್ನು ಈಗ ಹೆದ್ದಾರಿಯ ವಾಹನಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಳಸುತ್ತವೆ. ನಗದು ತೆಗೆದುಕೊಳ್ಳುವ ಗೂಡುಗಳು ಒಂದೊಂದಾಗಿ ಮುಚ್ಚುತ್ತಿವೆ.

ಆ ದೇಶದಲ್ಲಿ ಸುಂಕವಿಲ್ಲದ ಹೆದ್ದಾರಿ ಅಪರೂಪ. ಮೊದಲನೆಯ ಹೆದ್ದಾರಿಯ 71 ಕಿಲೋಮೀಟರುಗಳು 1963ರಲ್ಲಿ ರಿತ್ತೋ ಮತ್ತು ಅಮಗಸಾಕಿಗಳ ನಡುವೆ ತೆರೆದಾಗ, ಅದರ ಹಿಂದೆ ವಿಶ್ವಬ್ಯಾಂಕಿನ ಸಾಲವಿತ್ತು. ಸಾಲ ತೀರಿದ ಮೇಲೆ ಸುಂಕ ನಿಲ್ಲುತ್ತದೆ ಎಂಬುದು ಅಂದಿನ ಮಾತು. ರಸ್ತೆ ಬೆಳೆಯಿತು, ಸಾಲವೂ ಬೆಳೆಯಿತು. 2023ರಲ್ಲಿ ತಿದ್ದುಪಡಿಯಾದ ಕಾನೂನು ವಸೂಲಿಯ ಗಡುವನ್ನು 2115ನೆಯ ಇಸವಿಯವರೆಗೂ ಒಯ್ಯಲು ಅವಕಾಶ ಕೊಟ್ಟಿತು. ಅಜ್ಜ ಮಾಡಿದ ಸಾಲವನ್ನು ಮರಿಮಗ ತೀರಿಸುವುದು ನಮ್ಮ ಹಳ್ಳಿಗಳಿಗೆ ಮಾತ್ರ ಮೀಸಲಾದ ವಿಷಯವಲ್ಲವೆಂದು ತಿಳಿದು ಸಮಾಧಾನಪಡಬಹುದು.

ಪರದೇಶದವನು ಈ ಕಟ್ಟೆಯನ್ನು ದಾಟುವ ಮೊದಲು ದಾಟಬೇಕಾದ ಬೇರೆ ಕಟ್ಟೆಗಳಿವೆ. ಅಂತಾರಾಷ್ಟ್ರೀಯ ಪರವಾನಗಿ ನಡೆಯುವುದು ಒಂದೇ ವರ್ಷ. ಆಮೇಲೆ ಮೈಸೂರಿನ ಚಾಲನಾ ಪರವಾನಗಿಯನ್ನು ಅಲ್ಲಿನದಕ್ಕೆ ಬದಲಾಯಿಸಿಕೊಳ್ಳಬೇಕು. ಪರೀಕ್ಷೆಯಿಲ್ಲದೆ ಬದಲಾಯಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಎರಡು ದೇಶಗಳಲ್ಲಿಯೂ ಎಡಗಡೆಯೇ ಓಡಿಸುವುದು, ಆದರೂ ಪರೀಕ್ಷಕರು ಇವರನ್ನು ಎರಡು ಸಲ ಹಿಂದಕ್ಕೆ ಕಳುಹಿಸಿದರು. ಮೊದಲನೆಯ ಸಲ, ಹೊರಳುವ ಮುನ್ನ ಹೆಗಲ ಹಿಂದೆ ತಿರುಗಿ ನೋಡಲಿಲ್ಲವೆಂದು. ಇಪ್ಪತ್ತು ವರ್ಷ ಕನ್ನಡಿಯನ್ನೇ ನಂಬಿದ್ದ ಕುತ್ತಿಗೆಯನ್ನು ಹೊಸದಾಗಿ ಪಳಗಿಸಬೇಕಾಯಿತು.

ಇನ್ನು ಹೆಸರು. ತಂದೆಯ ಹೆಸರು, ಊರಿನ ಹೆಸರು, ಸ್ವಂತ ಹೆಸರು ಸೇರಿ ಪಾಸ್‌ಪೋರ್ಟಿನಲ್ಲಿ ರೈಲುಬಂಡಿಯಂತೆ ಉದ್ದವಾಗಿ ನಿಂತ ಹೆಸರು, ಬ್ಯಾಂಕಿನ ಅರ್ಜಿಯ ಚೌಕಗಳಲ್ಲಿ ಹಿಡಿಸಲಿಲ್ಲ. ಜಪಾನೀ ಲಿಪಿಯಲ್ಲಿ 'ಲ'ಕಾರವೂ 'ರ'ಕಾರವೂ ಒಂದೇ. ಪರವಾನಗಿಯಲ್ಲಿ ಒಂದು ರೂಪ, ಬ್ಯಾಂಕಿನಲ್ಲಿ ಇನ್ನೊಂದು, ಕಾರ್ಡಿನಲ್ಲಿ ಬಾಲ ಕತ್ತರಿಸಿದ ಮೂರನೆಯ ರೂಪ. ಜನ್ಮವರ್ಷವನ್ನು ಶೋವಾ 59 ಎಂದು ಬರೆಯಬೇಕಾದಾಗ ಮಾತ್ರ ಅವರಿಗೆ ಆಶ್ಚರ್ಯವಾಗಲಿಲ್ಲ. ಅವರ ಜಾತಕದಲ್ಲಿ ಅದೇ 1984 ರಕ್ತಾಕ್ಷಿ ಸಂವತ್ಸರವಾಗಿತ್ತು. ಇಟಿಸಿ ಕಾರ್ಡನ್ನು ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಹೊಸದಾಗಿ ಬಂದ ಪರದೇಶದವನಿಗೆ ಕ್ರೆಡಿಟ್ ಕಾರ್ಡು ಸುಲಭವಾಗಿ ದಕ್ಕುವುದಿಲ್ಲ. ಅಂಥವರಿಗಾಗಿ ಠೇವಣಿಯಿಟ್ಟು ಪಡೆಯುವ ಬೇರೊಂದು ಕಾರ್ಡುಂಟು. ಇವರು ಮೊದಲು ಠೇವಣಿಯ ಕಾರ್ಡಿನಲ್ಲಿ ಓಡಾಡಿ, ಎರಡು ವರ್ಷದ ಮೇಲೆ ನಂಬಿಗಸ್ತರಾದರು.

ಓಡಾಟ ಸಾಕಷ್ಟಿತ್ತು. ಪೂರ್ವಕ್ಕೆ ಹಮಮಾತ್ಸು, ಪಶ್ಚಿಮಕ್ಕೆ ಸುಜುಕಾ. ಎರಡೂ ಕಡೆ ಬಿಡಿಭಾಗ ಕೊಳ್ಳುವವರೂ ಕೊಡುವವರೂ ಇದ್ದರು. ಕಚೇರಿಯ ಕೆಲಸಕ್ಕೆ ಸ್ವಂತ ಕಾರಿನಲ್ಲಿ ಹೋದರೆ ಸುಂಕವನ್ನು ಕಚೇರಿ ತುಂಬಿಕೊಡುತ್ತಿತ್ತು. ಆದರೆ ಅದೇ ಕಾರು, ಅದೇ ಕಾರ್ಡು ರಜಾದಿನಗಳಲ್ಲಿ ಸಂಸಾರವನ್ನು ಕರೆದುಕೊಂಡು ಸಮುದ್ರತೀರಕ್ಕೂ ಹೋಗುತ್ತಿತ್ತು. ನಗೊಯಾದಲ್ಲಿ ಸಿಗುವ ತೊಗರಿಬೇಳೆಗೂ ಕರಿಬೇವಿಗೂ ಹೋಗುತ್ತಿತ್ತು. ಯಂತ್ರಕ್ಕೆ ಹಮಮಾತ್ಸುವೂ ಕರಿಬೇವೂ ಒಂದೇ. ಎರಡನ್ನೂ ಒಂದರ ಕೆಳಗೊಂದು ಬರೆದಿಡುತ್ತದೆ.

ಬರೆದದ್ದನ್ನು ನೋಡಲು ಹೆದ್ದಾರಿ ಸಂಸ್ಥೆಗಳ ಒಂದು ಅಂತರ್ಜಾಲ ಪುಟವಿದೆ. ಕಾರ್ಡಿನ ಸಂಖ್ಯೆ, ಯಂತ್ರದ ಸಂಖ್ಯೆ, ಕಾರಿನ ಸಂಖ್ಯೆ, ಹಿಂದೆ ಒಮ್ಮೆ ಓಡಾಡಿದ ದಿನ, ಇಷ್ಟನ್ನೂ ಹೇಳಿ ಹೆಸರು ನೋಂದಾಯಿಸಿಕೊಂಡರೆ ಹಿಂದಿನ 15 ತಿಂಗಳ ದಾಖಲೆ ಸಿಗುತ್ತದೆ. ನೋಂದಾಯಿಸದವನಿಗೆ 62 ದಿನದ್ದು ಮಾತ್ರ. ಒಂದೊಂದು ಪ್ರಯಾಣಕ್ಕೂ ಹೊಕ್ಕ ದಿನ, ಹೊಕ್ಕ ಗಂಟೆ ನಿಮಿಷ, ಹೊರಬಂದ ದಿನ, ಗಂಟೆ ನಿಮಿಷ, ಎರಡು ಕಟ್ಟೆಗಳ ಹೆಸರು, ರಿಯಾಯಿತಿಗೆ ಮುಂಚಿನ ಶುಲ್ಕ, ರಿಯಾಯಿತಿ, ಕೊಟ್ಟ ಶುಲ್ಕ, ಎಲ್ಲಕ್ಕಿಂತ ಕೊನೆಯಲ್ಲಿ ಷರಾ. ಪುಟ ಜಪಾನೀ ಭಾಷೆಯದು. ಮೊದಲ ತಿಂಗಳು ಅದನ್ನು ಕಂಪ್ಯೂಟರಿನಿಂದಲೇ ಇಂಗ್ಲಿಷಿಗೆ ಅನುವಾದ ಮಾಡಿಸಿದಾಗ ಹೊಕ್ಕ ದಿನದ ಅಂಕಣದ ತಲೆಯ ಮೇಲೆ 'ಸ್ವಂತ' ಎಂಬರ್ಥದ ಮಾತು ಬಂದಿತ್ತು. 'ಇಂದ' ಎಂಬುದನ್ನು ಸೂಚಿಸುವ ಅಕ್ಷರಕ್ಕೆ 'ತಾನು' ಎಂಬ ಅರ್ಥವೂ ಇದೆ. ಯಂತ್ರ ಎರಡನೆಯದನ್ನು ಆರಿಸಿಕೊಂಡಿತ್ತು. ಕಚೇರಿಯ ಪ್ರಯಾಣವಾವುದು, ಸ್ವಂತದ್ದಾವುದು ಎಂದು ಈ ದೇಶದ ಯಂತ್ರಗಳಿಗೆ ಅದು ಹೇಗೋ ಗೊತ್ತಾಗುತ್ತದೆಂದು ಗೃಹಸ್ಥರು ಅರ್ಧ ದಿವಸ ಬೆರಗಾಗಿ ಕುಳಿತಿದ್ದರು. ಪಟ್ಟಿಯನ್ನು ಇಳಿಸಿಕೊಂಡು ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗಿ ಇರುವೆಯ ಸಾಲಿನಂತಾದವು. ಜಪಾನೀ ಅಕ್ಷರಗಳಿಗೆ ಹಳೆಯದೊಂದು ಸಂಕೇತಪದ್ಧತಿಯಿದೆ, ತೆರೆಯುವಾಗ ಅದನ್ನು ಆರಿಸಬೇಕು ಎಂಬುದು ಮಗಳ ಶಾಲೆಯ ಗೆಳತಿಯ ತಂದೆಯಿಂದ ತಿಳಿಯಿತು.

ಇಂಥ ಪಟ್ಟಿಯಲ್ಲಿ ಓದುವುದಕ್ಕೆ ಏನಿದೆ ಎಂದು ವಾಚಕರು ಕೇಳಬಹುದು. ಇದೆ. ಮಧ್ಯರಾತ್ರಿಯಿಂದ ಬೆಳಗಿನ ಜಾವ ನಾಲ್ಕು ಗಂಟೆಯವರೆಗೆ ಹೆದ್ದಾರಿಯಲ್ಲಿದ್ದವರಿಗೆ ನೂರಕ್ಕೆ 30ರ ರಿಯಾಯಿತಿ ಎಂಬ ನಿಯಮದಿಂದಾಗಿ, ಲಾರಿ ಚಾಲಕರು ಹನ್ನೆರಡು ಹೊಡೆಯುವುದನ್ನು ಕಾಯುತ್ತ ಕಟ್ಟೆಯ ಹಿಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಹಮಮಾತ್ಸುವಿನಿಂದ ತಡವಾಗಿ ಹಿಂತಿರುಗುವಾಗ ಇವರೂ ಒಮ್ಮೆ ಅವರ ನಡುವೆ ನಿಂತು, ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ಹೊರಬಂದರು. ಉಳಿದದ್ದು ಒಂದು ಬಟ್ಟಲು ನೂಡಲ್ಸಿನ ಬೆಲೆ. "ಅಷ್ಟಕ್ಕೆ ಮನೆಯಲ್ಲಿ ಊಟವಿಟ್ಟುಕೊಂಡು ಕೂತವಳನ್ನು ಮುಕ್ಕಾಲು ಗಂಟೆ ಕಾಯಿಸಿದಿರಾ?" ಎಂದು ಗೃಹಿಣಿ ಕೇಳಿದರು. ಆ ನಿಮಿಷವೂ ಪಟ್ಟಿಯಲ್ಲಿತ್ತು, ಅಲ್ಲವೆನ್ನುವ ದಾರಿಯಿರಲಿಲ್ಲ.

2023ರ ನವೆಂಬರ್ ತಿಂಗಳವರೆಗೆ ಇದೆಲ್ಲ ಹಾಸ್ಯದ ವಿಷಯವಾಗಿಯೇ ನಡೆದಿತ್ತು.

ನವೆಂಬರ್ 22ರ ರಾತ್ರಿ, ಹನ್ನೆರಡು ಕಳೆದು ಸ್ವಲ್ಪ ಹೊತ್ತಾಗಿತ್ತು. ಮೈಸೂರಿನಿಂದ ಅಣ್ಣನ ಕರೆ ಬಂತು. ಅಲ್ಲಿ ಇನ್ನೂ 21ನೆಯ ತಾರೀಖಿನ ರಾತ್ರಿ. ಜಪಾನು ಮೂರೂವರೆ ಗಂಟೆ ಮುಂದು. "ಅಮ್ಮನಿಗೆ ಉಸಿರು ಕಷ್ಟವಾಗಿದೆ ಕಣೋ. ಹೊರಟು ಬಾ." ಬೆಳಗಿನ ವಿಮಾನಕ್ಕೆ ಚೀಟಿ ಸಿಕ್ಕಿತು. ಇನ್ನೂ ಗಂಟೆಗಳು ಉಳಿದಿದ್ದವು, ಮಲಗಬಹುದಾಗಿತ್ತು. ಆದರೆ ಅಂಥ ರಾತ್ರಿಯಲ್ಲಿ ಮನೆಯಲ್ಲಿ ಕುಳಿತಿರುವುದಕ್ಕಿಂತ ರಸ್ತೆಯಲ್ಲಿರುವುದು ಮೇಲೆನ್ನಿಸುತ್ತದೆ. ಮಗಳು ನಿದ್ರಿಸುತ್ತಿದ್ದಳು. ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ಹಾಕಿಕೊಟ್ಟು ಕೆಳಗಿನವರೆಗೆ ಬಂದರು.

ಆ ಪ್ರಾಂತದ ವಿಮಾನನಿಲ್ದಾಣ ಇಸೆ ಕೊಲ್ಲಿಯಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲಿದೆ, 2005ರಲ್ಲಿ ತೆರೆದದ್ದು. ಮೊದಲು ಹೆದ್ದಾರಿ, ಅನಂತರ ಚಿತಾ ಪರ್ಯಾಯದ್ವೀಪದ ರಸ್ತೆ, ಕಡೆಗೆ ಸಮುದ್ರದ ಮೇಲಿನ ಸೇತುವೆ. ಒಡೆಯರು ಬೇರೆ ಬೇರೆಯಾದದ್ದರಿಂದ ಒಂದು ಪ್ರಯಾಣ ಪಟ್ಟಿಯಲ್ಲಿ ತುಂಡುತುಂಡಾಗಿ ಬರುತ್ತದೆ. ಹೆದ್ದಾರಿಯ ತುಂಡಿಗೆ ರಾತ್ರಿಯ ರಿಯಾಯಿತಿಯುಂಟು, ಉಳಿದವಕ್ಕಿಲ್ಲ. ನಿಲ್ದಾಣದಲ್ಲಿ ಕಾರು ನಿಲ್ಲಿಸಿ ಮೊಬೈಲು ನೋಡಿದಾಗ ಅಣ್ಣನ ಸಂದೇಶ ಬಂದು ಸ್ವಲ್ಪ ಹೊತ್ತಾಗಿತ್ತು.

ಬೆಂಗಳೂರಿನಿಂದ ಮೈಸೂರಿಗೆ ಅಣ್ಣನ ಮಗ ಕಾರು ತಂದಿದ್ದ. ಅದೇ ವರ್ಷ ಉದ್ಘಾಟನೆಯಾದ ಹೆದ್ದಾರಿ. ಬಿಡದಿಯ ಕಡೆ ಒಂದು ಸುಂಕದ ಕಟ್ಟೆ, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಇನ್ನೊಂದು. ಇಲ್ಲಿ ಕಾರ್ಡಿಲ್ಲ, ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿ. ಜಪಾನಿನಲ್ಲಿ ದಾಖಲೆ ಕಾರ್ಡಿನ ಜೊತೆ, ಅಂದರೆ ಮನುಷ್ಯನ ಜೊತೆ ಹೋಗುತ್ತದೆ. ಬಾಡಿಗೆ ಕಾರಿನಲ್ಲಿ ತೂರಿಸಿದರೂ ಸುಂಕ ಕಾರ್ಡಿನವನ ಲೆಕ್ಕಕ್ಕೇ. ಇಲ್ಲಿ ಅದು ಕಾರಿನ ಜೊತೆ. ಹಣ ಕಳೆದ ಸಂದೇಶ ಕಾರಿನಲ್ಲಿದ್ದವರಿಗೆ ಬರದೆ, ಮನೆಯಲ್ಲಿದ್ದ ಅಣ್ಣನ ಮೊಬೈಲಿಗೆ ಹೋಯಿತು. ಬೀದಿಯ ತಿರುವಿನಲ್ಲಿ ಕಾರು ಕಾಣುವ ಹೊತ್ತಿಗೆ ಅಣ್ಣ ಗೇಟಿನ ಹೊರಗೆ ನಿಂತಿದ್ದರು. "ಗಣಂಗೂರು ದಾಟಿದ ಮೆಸೇಜು ಬಂತು. ಆಗಿನಿಂದ ಇಲ್ಲೇ ನಿಂತಿದ್ದೇನೆ" ಎಂದರು. ಅವರು ಮೊದಲು ಆಡಿದ ಮಾತು ಅದು.

ಮುಂದಿನ ದಿನಗಳು ಎಲ್ಲರ ಮನೆಯಲ್ಲಿ ನಡೆಯುವಂತೆ ನಡೆದವು. ಹದಿಮೂರನೆಯ ದಿನ ಕಳೆದ ಮೇಲೆ, ಅಮ್ಮನ ಕಪಾಟು ತೆಗೆದಾಗ ಲೆಕ್ಕದ ಪುಸ್ತಕಗಳು ಸಿಕ್ಕಿದವು. ಐವತ್ತು ವರ್ಷಗಳ ಸಂಸಾರ. ತಾರೀಖು, ವಿವರ, ಮೊಬಲಗು, ಷರಾ ಎಂದು ನಾಲ್ಕು ಅಂಕಣಗಳು. ಹಾಲಿನ ಲೆಕ್ಕ ಮಾತ್ರ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿನ ಮೇಲೆ, ಗೀಟುಗಳಲ್ಲಿ. ಷರಾ ಅಂಕಣದಲ್ಲಿ ಖರ್ಚಿಗೆ ಸಂಬಂಧಿಸಿದ ಮಾತು ಇದ್ದದ್ದು ಕಡಿಮೆ. ಸಕ್ಕರೆ ಎರಡು ಕೆ.ಜಿ. ಎಂಬುದರ ಎದುರಿಗೆ 'ಪುಟ್ಟ ಪಾಸಾದ' ಎಂದಿತ್ತು. ಕೊನೆಯ ಪುಸ್ತಕ ಅರ್ಧ ಖಾಲಿಯಿತ್ತು, ನೀಲಿ ರಟ್ಟಿನದು. "ನೀನು ತೊಗೊಂಡು ಹೋಗು. ಇಲ್ಲಿ ಇದ್ದರೆ ಅತ್ತಿಗೆ ನೋಡಿ ನೋಡಿ ಅಳುತ್ತಾಳೆ" ಎಂದರು ಅಣ್ಣ.

ಡಿಸೆಂಬರಿನ ಮೊದಲ ವಾರ ತೊಯೊತಾಕ್ಕೆ ಹಿಂತಿರುಗಿದಾಗ ನವೆಂಬರಿನ ಖರ್ಚಿನ ಪಟ್ಟಿ ಕೊಡುವ ಕಡೆಯ ದಿನವಾಗಿತ್ತು. ನಿದ್ರೆಗೆಟ್ಟ ಕಣ್ಣಿನಿಂದ ಪುಟವನ್ನು ತೆರೆದು, ತಿಂಗಳ ಸಾಲುಗಳನ್ನೆಲ್ಲ ಒಟ್ಟಿಗೆ ಆರಿಸಿ, ಬಳಕೆಯ ಪ್ರಮಾಣಪತ್ರಗಳನ್ನು ಇಳಿಸಿಕೊಂಡು ಕಚೇರಿಗೆ ಕಳಿಸಿಬಿಟ್ಟರು. ಮೂರನೆಯ ದಿನ ಲೆಕ್ಕಪತ್ರ ವಿಭಾಗದಿಂದ ಕರೆ ಬಂತು.

ಆ ವಿಭಾಗದ ಹಿರಿಯ ಮಹಿಳೆ ಕಟ್ಟುನಿಟ್ಟಿಗೆ ಹೆಸರಾದವರು. ಅದೇ ಅಕ್ಟೋಬರ್ 1ರಿಂದ ಮಾರಾಟ ತೆರಿಗೆಯ ರಸೀದಿಗಳಿಗೆ ಹೊಸ ನಿಯಮ ಬಂದಿತ್ತು. ನೋಂದಾಯಿತ ಸಂಖ್ಯೆಯಿರುವ ರಸೀದಿಯಿಲ್ಲದೆ ಸಂಸ್ಥೆಗೆ ತೆರಿಗೆಯ ವಿನಾಯಿತಿಯಿಲ್ಲ. ಮೊದಲು ಕಣ್ಣಾಡಿಸಿ ಬಿಡುತ್ತಿದ್ದ ಸುಂಕದ ಚೀಟಿಗಳನ್ನು ಅವರು ಒಂದೊಂದಾಗಿ ನೋಡತೊಡಗಿದ್ದರು. ಮೇಜಿನ ಮೇಲೆ ಪಟ್ಟಿಯಿತ್ತು. ಪೆನ್ಸಿಲಿನಿಂದ ಸಣ್ಣ ಸುತ್ತು ಹಾಕಿದ್ದರು. ನವೆಂಬರ್ 22. ಹೊಕ್ಕದ್ದು 2 ಗಂಟೆ 34 ನಿಮಿಷ, ಹೊರಬಂದದ್ದು 2 ಗಂಟೆ 47 ನಿಮಿಷ. ಅದರ ಕೆಳಗೆ ಪರ್ಯಾಯದ್ವೀಪದ ರಸ್ತೆಯ ಸಾಲುಗಳು. ಆ ದಿನದಿಂದ ತಾವು ರಜೆಯಲ್ಲಿದ್ದೀರಿ. ಬೆಳಗಿನ ಜಾವ ಎರಡೂವರೆಗೆ ಕಚೇರಿಯ ಯಾವ ಕೆಲಸವಿತ್ತೆಂದು ತಿಳಿಸಬೇಕು ಎಂದರು. ಧ್ವನಿ ಎತ್ತಲಿಲ್ಲ, ಆ ದೇಶದಲ್ಲಿ ಎತ್ತುವುದಿಲ್ಲ.

ಮೊತ್ತ ದೊಡ್ಡದಲ್ಲ, ಒಂದು ಊಟದ ಬೆಲೆ. ಆದರೆ ಪರದೇಶದಲ್ಲಿ ಮನುಷ್ಯನಿಗೆ ಹಿಂದಿನವರ ಗುರುತಿಲ್ಲ, ಮನೆತನದ ಮಾತಿಲ್ಲ. ಮೈಸೂರಿನಲ್ಲಾದರೆ 'ಇಂಥವರ ಮಗ, ಹಾಗೆ ಮಾಡುವವನಲ್ಲ' ಎನ್ನಲು ಬೀದಿಯಲ್ಲಿ ನಾಲ್ವರಿರುತ್ತಾರೆ. ಇಲ್ಲಿ ಸಾಕ್ಷಿಯೆಂದರೆ ಕಾಗದ, ಆ ಕಾಗದವೇ ಎದುರುನಿಂತಿತ್ತು. ಮಾರ್ಚಿಯಲ್ಲಿ ಕೆಲಸದ ಕರಾರು ನವೀಕರಣವಾಗಬೇಕು. ಆ ದೇಶದಲ್ಲಿ ವಾಸಿಸುವ ಅನುಮತಿ ಕೆಲಸಕ್ಕೆ ಕಟ್ಟಿದ್ದು. ರಜೆಯ ದಿನದ ಸ್ವಂತ ಪ್ರಯಾಣಕ್ಕೆ ಕಚೇರಿಯಿಂದ ಹಣ ಕೇಳಿದವನೆಂದು ಒಂದು ಸಾಲು ಬರೆದರೆ ಸಾಕಾಗಿತ್ತು. ಇದೆಲ್ಲ ಅವರ ಮನಸ್ಸಿನಲ್ಲಿ ಒಮ್ಮೆಗೇ ಹಾದುಹೋಯಿತು. ಬಾಯಿಗೆ ಬಂದದ್ದು ಮಾತ್ರ ಕಲಿತಿದ್ದ ಅಲ್ಪ ಜಪಾನಿಯ ಒಂದೇ ವಾಕ್ಯ: "ಅದು ತಪ್ಪಾಗಿ ಸೇರಿದೆ. ನನ್ನ ತಾಯಿ ತೀರಿಕೊಂಡರು. ಅದು ವಿಮಾನನಿಲ್ದಾಣಕ್ಕೆ ಹೋದ ದಾರಿ."

ಆಕೆ ಪೆನ್ಸಿಲನ್ನು ಕೆಳಗಿಟ್ಟು ಎದ್ದು ನಿಂತರು. ಸೊಂಟದಿಂದ ಬಾಗಿ "ಗೋಶೂಶೋಸಾಮಾ ದೆಸು" ಎಂದರು. ಸಾವಿನ ಮನೆಯವರಿಗೆ ಆ ದೇಶದವರು ಹೇಳುವ ಮಾತು. ಆಮೇಲೆ ಕುಳಿತು, ರಜೆಯ ಕಾಗದವನ್ನು ತೆಗೆಸಿ ನೋಡಿ, ಇದನ್ನು ತಾವು ಸಾಧಾರಣ ರಜೆಯೆಂದೇಕೆ ಬರೆದಿರಿ ಎಂದು ಕೇಳಿದರು. ತಂದೆತಾಯಿಗಳು ತೀರಿಕೊಂಡರೆ ಏಳು ದಿನಗಳ ಪ್ರತ್ಯೇಕ ರಜೆಯುಂಟೆಂದು ಆ ಸಂಸ್ಥೆಯ ನಿಯಮಾವಳಿಯಲ್ಲಿತ್ತು. ಜಪಾನೀ ಭಾಷೆಯ ಆ ಹೊತ್ತಗೆಯನ್ನು ಇವರು ಓದಿರಲಿಲ್ಲ. ರಜೆಯನ್ನು ತಿದ್ದಲು ಸಾವಿನ ದಿನಾಂಕ ಬೇಕಾಯಿತು. ಮೈಸೂರಿನ ಮರಣಪತ್ರದಲ್ಲಿ 21, ರಾತ್ರಿ ಹನ್ನೊಂದು ಗಂಟೆ ಹತ್ತು ನಿಮಿಷ. ಸುಂಕದ ಪಟ್ಟಿಯಲ್ಲಿ ಹೊರಟದ್ದು 22. ತಾಯಿ ಸಾಯುವ ಮುನ್ನವೇ ಹೊರಟಿರೋ, ಸತ್ತ ಮರುದಿನವೋ ಎಂದು ಆಕೆ ಗೊಂದಲಗೊಂಡರು. ಇವರು ಕಾಗದದ ಮೇಲೆ ಮೂರೂವರೆ ಗಂಟೆ ಕೂಡಿ ತೋರಿಸಿದರು: 2 ಗಂಟೆ 40 ನಿಮಿಷ.

ಕೂಡಿದ ಮೇಲೆಯೇ ಅವರಿಗೂ ಕಂಡದ್ದು. 2.34, 2.47. ಇಬ್ಬರೂ ಆ ಎರಡು ಅಂಕಿಗಳನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಕೆ ಪೆನ್ಸಿಲಿನ ಸುತ್ತನ್ನು ರಬ್ಬರಿನಿಂದ ನಿಧಾನವಾಗಿ ಅಳಿಸಿ, ಆ ಸಾಲುಗಳ ಮೊತ್ತವನ್ನು ಕಳೆದು, ಹೊಸ ಪಟ್ಟಿಗೆ ಮೊಹರು ಹಾಕಿಸಿಕೊಂಡರು. 49ನೆಯ ದಿನಕ್ಕೆ ಮತ್ತೆ ಊರಿಗೆ ಹೋಗಬೇಕೇ ಎಂದು ಕೇಳಿದರು. ಅವರ ಬೌದ್ಧ ಪದ್ಧತಿಯಲ್ಲಿ ಅದು ದೊಡ್ಡ ದಿನ. ನಮ್ಮಲ್ಲಿ ತಿಂಗಳು ತಿಂಗಳಿನದು, ವರ್ಷದ್ದು ಎಂದು ಇವರು ವಿವರಿಸಿದರು. ತಿಥಿಯೆಂದರೇನೆಂದು ವಿವರಿಸುವಷ್ಟು ಜಪಾನಿ ಇವರಲ್ಲಿರಲಿಲ್ಲ.

ಅಂದಿನಿಂದ ಸುಂಕದ ಪೂಜೆಗೆ ವಿಧಿವಿಧಾನಗಳು ಹುಟ್ಟಿದವು. ಕಾರ್ಡು ಎರಡಾಯಿತು, ಒಂದು ಕಚೇರಿಗೆ, ಒಂದು ಮನೆಗೆ; ದಾಖಲೆ ಕಾರ್ಡಿನ ಹಿಂದೆ ಹೋಗುವುದರಿಂದ ಅರ್ಧ ಕೆಲಸ ತಾನಾಗಿಯೇ ಹಗುರವಾಯಿತು. (ಒಂದು ದಿನ ಎರಡನ್ನೂ ಮನೆಯಲ್ಲಿ ಮರೆತು ಕಟ್ಟೆಯ ಮುಂದೆ ನಿಂತದ್ದೂ, ಹಿಂದಿನ ಕಾರುಗಳು ಒಂದೂ ಹಾರನ್ನು ಬಾರಿಸದೆ ಕಾದು ಇನ್ನಷ್ಟು ನಾಚಿಸಿದ್ದೂ ಬೇರೆ ಕಥೆ.) ಕಾರ್ಡಿನ ಅವಧಿ ಮುಗಿದು ಹೊಸ ಸಂಖ್ಯೆ ಬಂದಾಗ ಅದನ್ನು ಪುಟದಲ್ಲಿ ಮತ್ತೆ ನೋಂದಾಯಿಸುವುದು, ಪಟ್ಟಿಯನ್ನೂ ಪ್ರಮಾಣಪತ್ರವನ್ನೂ ತಿಂಗಳು ತಿಂಗಳೂ ಇಳಿಸಿಕೊಳ್ಳುವುದು, ರಾತ್ರಿ ಹನ್ನೆರಡನ್ನು ದಾಟಿದ ಪ್ರಯಾಣವನ್ನು ಹೊರಬಂದ ದಿನದ ಲೆಕ್ಕಕ್ಕೆ ಹಾಕುವುದು. ವರ್ಷದ ಕಡತ ಏಪ್ರಿಲಿನಲ್ಲಿ ತೆರೆದು ಮಾರ್ಚಿಗೆ ಮುಚ್ಚುತ್ತದೆ. ಈ ಒಂದು ವಿಷಯದಲ್ಲಿ ಎರಡು ದೇಶಗಳ ಸರ್ಕಾರಗಳಿಗೂ ಒಮ್ಮತವಿದೆ. ಕಡತಗಳ ಬೆನ್ನಿನ ಮೇಲೆ ಕನ್ನಡದಲ್ಲಿ 'ಕಚೇರಿ', 'ಮನೆ' ಎಂದು ಬರೆದರು. ಮೂರನೆಯದರ ಬೆನ್ನು ಖಾಲಿ. "ಇದಕ್ಕೆ ಹೆಸರೇ ಇಲ್ಲವಲ್ಲರೀ" ಎಂದು ಒಮ್ಮೆ ಕೇಳಿದ ಗೃಹಿಣಿ, ತೆರೆದು ನೋಡಿ, ಮತ್ತೆ ಕೇಳಲಿಲ್ಲ.

ಅದರಲ್ಲಿ ಆಗ ಇದ್ದದ್ದು ಒಂದೇ ಹಾಳೆ. 15 ತಿಂಗಳ ನಿಯಮ ಗೊತ್ತಿದ್ದರೂ ಗೃಹಸ್ಥರು ಆ ಸಾಲನ್ನು ಪುಟದಲ್ಲಿಯೂ ಹೋಗಿ ನೋಡುತ್ತಿದ್ದರು. ಶೋಭಕೃತು ಸಂವತ್ಸರದ ಕಾರ್ತಿಕ ಶುದ್ಧ ನವಮಿ ಎಂದು ಅಣ್ಣ ಹೇಳಿದ್ದ ತಿಥಿ ಮರುವರ್ಷ 2024ರ ನವೆಂಬರ್ 10ಕ್ಕೆ ಬಂತು. ಭಾನುವಾರವಾದ್ದರಿಂದ ರಜೆ ಕೇಳಬೇಕಾಗಲಿಲ್ಲ. ಮೈಸೂರಿನಲ್ಲಿ ಅಣ್ಣ ಎಳ್ಳುನೀರು ಬಿಡುತ್ತಿದ್ದುದನ್ನು ಮೊಬೈಲಿನಲ್ಲಿ ನೋಡುತ್ತ ಇವರು ತೊಯೊತಾದ ಮೂರನೆಯ ಮಹಡಿಯಲ್ಲಿ ಕೈಮುಗಿದು ಕುಳಿತಿದ್ದರು. ಮರಣಪತ್ರಕ್ಕೆ 21, ಸುಂಕದ ಪಟ್ಟಿಗೆ 22, ಪಂಚಾಂಗಕ್ಕೆ ನವಮಿ. ಪುಟದಲ್ಲಿ ಆ ದಿನವೂ ಸಾಲಿತ್ತು.

2025ರ ಮಾರ್ಚ್ ತಿಂಗಳ ಮೊದಲ ಭಾನುವಾರ ಇರಲಿಲ್ಲ. ಪಟ್ಟಿ ಈಗ 2023ರ ಡಿಸೆಂಬರಿನಿಂದ ಆರಂಭವಾಗುತ್ತಿತ್ತು: ವಿಮಾನನಿಲ್ದಾಣದಿಂದ ಮನೆಗೆ ಹಿಂತಿರುಗಿದ ಸಾಲು, ಹಗಲು ಹೊತ್ತಿನದು, ರಿಯಾಯಿತಿಯಿಲ್ಲದ್ದು. ಹೋದ ದಾರಿ ಅಳಿಸಿ ಬಂದ ದಾರಿ ಮಾತ್ರ ಉಳಿದಿತ್ತು. ಅವರು ಮೂರನೆಯ ಕಡತವನ್ನು ತೆರೆದು, ಹಾಳೆ ಇದೆಯೆಂದು ನೋಡಿ ಮುಚ್ಚಿದರು.

ಮರುತಿಂಗಳು ಯಂತ್ರವೇ ಕೈಕೊಟ್ಟಿತು. ಏಪ್ರಿಲ್ 6, ಭಾನುವಾರ. ಸಂಸಾರವೆಲ್ಲ ಚೆರ್ರಿ ಹೂವು ನೋಡಲು ಗಿಫು ಕಡೆಗೆ ಹೊರಟಿತ್ತು. ಅಂದು ನಡುರಾತ್ರಿಯಿಂದಲೇ ಟೋಕಿಯೋ ಮತ್ತು ಏಳು ಪ್ರಾಂತಗಳ ಅನೇಕ ಕಟ್ಟೆಗಳಲ್ಲಿ ಇಟಿಸಿ ಕೆಟ್ಟುನಿಂತಿತ್ತು. ಸರಿಹೋಗಲು ಸುಮಾರು 38 ಗಂಟೆ ಹಿಡಿಯಿತು. ಕಾರುಗಳ ಸಾಲು ಬೆಳೆದ ಮೇಲೆ ಅಡ್ಡಪಟ್ಟಿಗಳನ್ನು ಎತ್ತಿ ಎಲ್ಲರನ್ನೂ ಹಾಗೆಯೇ ಬಿಟ್ಟರು. ಸುಂಕವನ್ನು ಆಮೇಲೆ ತಾವಾಗಿಯೇ ತಿಳಿಸಿ ಕಟ್ಟಿ ಎಂದು ಸಂಸ್ಥೆ ಕೇಳಿಕೊಂಡಿತು. ಕಾರಿನೊಳಗಿನ ಹೆಂಗಸು ಅಂದು ಮೂಕಳಾಗಿದ್ದಳು. ಗೃಹಸ್ಥರು ಮನೆಗೆ ಬಂದವರೇ ಹೊಕ್ಕ ಕಟ್ಟೆ, ಹೊರಬಂದ ಕಟ್ಟೆಗಳನ್ನು ತುಂಬಿ ಅರ್ಜಿ ಕಳಿಸಿದರು. "ಯಾರೂ ಬರೆದುಕೊಂಡಿಲ್ಲವಂತೆ, ನೀವೇ ಹೋಗಿ ಹೇಳುವುದೇ?" ಎಂದು ಗೃಹಿಣಿ ನಕ್ಕರು; ಆದರೆ ಕಟ್ಟೆಯ ಹೆಸರನ್ನು ನೆನಪು ಮಾಡಿಕೊಟ್ಟವರು ಅವರೇ. ಹಾಗೆ ತಾವಾಗಿ ಹೇಳಿಕೊಂಡ ಜನ ಆ ದೇಶದಲ್ಲಿ ಇನ್ನೂ ಅನೇಕರಿದ್ದರು. ಮೇ ತಿಂಗಳಲ್ಲಿ, ಆ ಹೊತ್ತಿನ ಸುಂಕವನ್ನು ಕೇಳುವುದಿಲ್ಲವೆಂದು ಸಂಸ್ಥೆ ಪ್ರಕಟಿಸಿತು.

ಜೂನಿನ ಮೊದಲನೆಯ ಭಾನುವಾರ ನೀಲಿ ರಟ್ಟಿನ ಪುಸ್ತಕ ತೆರೆದಿತ್ತು. ಎಡಗಡೆಯ ಪುಟದಲ್ಲಿ ಅಮ್ಮನ ಕೈಬರಹ, ಬಲಗಡೆಯಿಂದ ಮಗನದು. ಯಂತ್ರ ಬರೆಯದೆ ಬಿಟ್ಟ ದಿನವನ್ನು ಕೈಯಿಂದ ಬರೆಯುತ್ತಿದ್ದರು. ತಾರೀಖು, ಏಪ್ರಿಲ್ 6. ವಿವರ, ಗಿಫು. ಮೊಬಲಗು, ಸೊನ್ನೆ. ಮಗಳು ಪಕ್ಕದಲ್ಲಿ ಮೊಣಕಾಲೂರಿ ನೋಡುತ್ತಿದ್ದಳು.

"ಅಪ್ಪಾ, ಹೂವು ನೋಡಿದ್ದು ಎಲ್ಲಿ ಬರೀಬೇಕು?"

ಅವರು ಕೊನೆಯ ಅಂಕಣವನ್ನು ತೋರಿಸಿ ಲೇಖನಿಯನ್ನು ಅವಳ ಕೈಗೆ ಕೊಟ್ಟರು.